ಕೈಗಡಿಯಾರದ ನೈಲಾನ್ ಪಟ್ಟಿ: ಅಗ್ಗದ ಸರಕಿಗೂ ಅಳತೆ ಬೇಕು

ಕೈಗಡಿಯಾರದ ಅಂಗಡಿಯಲ್ಲಿ ಅತ್ಯಂತ ಕಡಿಮೆ ಗಮನ ಪಡೆಯುವ ಸರಕೆಂದರೆ ಗಡಿಯಾರದ ಪಟ್ಟಿ. ಅದರಲ್ಲಿಯೂ ನೈಲಾನಿನ ಪಟ್ಟಿ. ಗಡಿಯಾರಗಳು ಗಾಜಿನ ಕಪಾಟಿನೊಳಗೆ ಬೆಳಕಿನಡಿ ಕುಳಿತಿದ್ದರೆ, ಪಟ್ಟಿಗಳು ಗೋಡೆಯ ಮೊಳೆಗೆ ಗೊಂಚಲಾಗಿ ತೂಗುತ್ತಿರುತ್ತವೆ. ಬೆಂಗಳೂರಿನ ಚಿಕ್ಕಪೇಟೆಯಿಂದ ಹುಬ್ಬಳ್ಳಿಯ ದುರ್ಗದಬೈಲಿನವರೆಗೆ ಅವುಗಳ ಮಾರಾಟ ನಡೆಯುವುದು ಎರಡೇ ಪ್ರಶ್ನೆಗಳ ಆಧಾರದ ಮೇಲೆ: ಬಣ್ಣ ಯಾವುದು, ಬೆಲೆ ಎಷ್ಟು. ನೂರು, ನೂರೈವತ್ತು ರೂಪಾಯಿಯ ವಸ್ತುವಿಗೆ ಇದಕ್ಕಿಂತ ಹೆಚ್ಚಿನ ವಿಚಾರಣೆ ಏತಕ್ಕೆ ಎಂಬುದು ವರ್ತಕರ ಸಾಮಾನ್ಯ ಧೋರಣೆ. ಈ ಧೋರಣೆಯೇ ಮೂಲತಃ ಉತ್ತಮವಾದ ಸರಕೊಂದನ್ನು ಕಳಪೆ ಸರಕುಗಳ ಪಂಕ್ತಿಯಲ್ಲಿ ಕೂರಿಸಿದೆ.

ನೈಲಾನ್ ಪಟ್ಟಿಗೆ ಜಗತ್ತಿನಲ್ಲಿ ಒಳ್ಳೆಯ ಹೆಸರು ಬಂದದ್ದು ಬಣ್ಣದಿಂದಲೂ ಅಲ್ಲ, ಬೆಲೆಯಿಂದಲೂ ಅಲ್ಲ, ಒಂದು ಕಾಗದದಿಂದ. 1973ರಲ್ಲಿ ಬ್ರಿಟನ್ನಿನ ರಕ್ಷಣಾ ಸಚಿವಾಲಯವು ತನ್ನ ಸೈನಿಕರಿಗೆ ಒದಗಿಸಬೇಕಾದ ಗಡಿಯಾರದ ಪಟ್ಟಿ ಹೇಗಿರಬೇಕೆಂಬುದನ್ನು 66-15 ಎಂಬ ಸಂಖ್ಯೆಯ ರಕ್ಷಣಾ ಮಾನಕವಾಗಿ ಪ್ರಕಟಿಸಿತು. ವಸ್ತು ನೈಲಾನ್, ಬಣ್ಣ ಬೂದು, ಅಗಲ 20 ಮಿಲಿಮೀಟರ್. ಸೈನಿಕರು ಅದನ್ನು ಪಡೆಯಲು ಜಿ 1098 ಎಂಬ ನಮೂನೆಯನ್ನು ಭರ್ತಿ ಮಾಡಬೇಕಾಗಿದ್ದುದರಿಂದ ಪಟ್ಟಿಗೆ ‘ಜಿ 10’ ಎಂಬ ಹೆಸರು ಅಂಟಿಕೊಂಡಿತು. ಇಂದು ಅಂಗಡಿಗಳಲ್ಲಿ ಕೇಳಿಬರುವ ‘ನ್ಯಾಟೋ ಪಟ್ಟಿ’ ಎಂಬ ಹೆಸರಿಗೆ ಕಾರಣ ಆ ಒಕ್ಕೂಟದ ದಾಸ್ತಾನು ಸಂಖ್ಯೆಯ ಪದ್ಧತಿಯೇ ಹೊರತು, ಒಕ್ಕೂಟವೇನೂ ಅದನ್ನು ರೂಪಿಸಿದ್ದಲ್ಲ. 1964ರ ‘ಗೋಲ್ಡ್‌ಫಿಂಗರ್’ ಚಲನಚಿತ್ರದ ಜೇಮ್ಸ್ ಬಾಂಡ್ ಪಾತ್ರದ ಕೈಯಲ್ಲಿದ್ದ ಪಟ್ಟೆಪಟ್ಟೆ ನೈಲಾನ್ ಪಟ್ಟಿಯನ್ನು ಹೆಸರಿಸಿ ಮಾರುವವರೂ ಉಂಟು. ಅದು ಈ ಮಾನಕಕ್ಕಿಂತ ಒಂಬತ್ತು ವರ್ಷ ಹಿಂದಿನದು. ಮಿಗಿಲಾಗಿ, ಗಡಿಯಾರಕ್ಕೆ ಬೇಕಾದ ಅಗಲಕ್ಕಿಂತ ಕಿರಿದಾಗಿದ್ದು ತೆರೆಯ ಮೇಲೆ ಎದ್ದು ಕಾಣುವಂತಿತ್ತು. ಚಿತ್ರದ ನಾಯಕನಿಗೂ ಸರಿಯಾದ ಅಳತೆ ಸಿಕ್ಕಿರಲಿಲ್ಲವೆಂದಾಯಿತು!

ಜಿ 10 ಪಟ್ಟಿಯ ರಚನೆ ಸರಳವಾದುದು. ಚರ್ಮದ ಪಟ್ಟಿ ಎರಡು ತುಂಡುಗಳಲ್ಲಿರುತ್ತದೆ. ಗಡಿಯಾರದ ಕೊಂಬುಗಳ ನಡುವಣ ಸ್ಪ್ರಿಂಗ್ ಪಿನ್ನು ಒಂದು ಕಡೆ ಜಾರಿದರೂ ಗಡಿಯಾರ ನೆಲಕ್ಕೆ ಬೀಳುತ್ತದೆ. ಈ ನೈಲಾನ್ ಪಟ್ಟಿಯಾದರೋ ಒಂದೇ ಉದ್ದನೆಯ ತುಂಡಾಗಿದ್ದು, ಒಂದು ಪಿನ್ನಿನ ಹಿಂದಿನಿಂದ ಹೊಕ್ಕು, ಗಡಿಯಾರದ ಬೆನ್ನಡಿಯಲ್ಲಿ ಸಾಗಿ, ಇನ್ನೊಂದು ಪಿನ್ನಿನ ಮೂಲಕ ಹೊರಬರುತ್ತದೆ. ಒಂದು ಪಿನ್ನು ಕೈಕೊಟ್ಟರೂ ಇನ್ನೊಂದು ಹಿಡಿದುಕೊಂಡಿರುತ್ತದೆ. ಪಟ್ಟಿಯನ್ನು ಬದಲಾಯಿಸಲು ಯಾವ ಉಪಕರಣವೂ ಬೇಡ. ಇಲ್ಲಿ ಅಗ್ಗವು ಅಲಂಕಾರವನ್ನು ಬಿಟ್ಟದ್ದರಿಂದ ಬಂದಿತೇ ವಿನಾ ಕೆಲಸವನ್ನು ಬಿಟ್ಟದ್ದರಿಂದಲ್ಲ.

ಕರ್ನಾಟಕದ ಮಟ್ಟಿಗೆ ಇದು ಕೇವಲ ಷೋಕಿಯ ವಿಷಯವಾಗಿ ಉಳಿದಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆಯನ್ನು ಆರಂಭಿಸಿದ ಎಚ್.ಎಂ.ಟಿ., ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ತೆರೆಯಿತು. ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು 2016ರ ಜನವರಿಯಲ್ಲಿ ಒಪ್ಪಿಗೆ ನೀಡಿದರೂ, ಅದು ತಯಾರಿಸಿದ ಗಡಿಯಾರಗಳು ಮನೆಮನೆಗಳಲ್ಲಿ ಇಂದಿಗೂ ಉಳಿದಿವೆ. ತಂದೆಯ ಮದುವೆಯ ಗಡಿಯಾರವೋ, ಅಜ್ಜನಿಗೆ ನಿವೃತ್ತಿಯ ದಿನ ಬಂದ ಉಡುಗೊರೆಯೋ ಪೆಟ್ಟಿಗೆಯಿಂದ ಹೊರಬಂದಾಗ, ಕೀಲಿ ಕೊಟ್ಟರೆ ಯಂತ್ರ ನಡೆಯುತ್ತದೆ. ಚರ್ಮದ ಪಟ್ಟಿ ಮಾತ್ರ ಪುಡಿಯಾಗಿರುತ್ತದೆ. ಆ ಗಡಿಯಾರವನ್ನು ಮತ್ತೆ ಕೈಗೆ ತರುವ ಅತ್ಯಂತ ಕಡಿಮೆ ವೆಚ್ಚದ ಸಾಧನ ನೈಲಾನ್ ಪಟ್ಟಿ. ಜನತಾ ಮೊದಲಾದ ಪುರುಷರ ಮಾದರಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಅಗಲ 18 ಮಿ.ಮೀ.; ಇಂದಿನ ಅನೇಕ ಸ್ಮಾರ್ಟ್ ವಾಚುಗಳದು 20 ಅಥವಾ 22. ಹದಿನೆಂಟರ ಗಡಿಯಾರಕ್ಕೆ ಇಪ್ಪತ್ತರ ಪಟ್ಟಿಯನ್ನು ಮಡಿಸಿ ತುರುಕಿ ‘ನಡೆಯುತ್ತದೆ’ ಎಂದು ಸಾಗಹಾಕಿದಾಗ, ಅಥವಾ ಅಳತೆಗೆ ಗಿಡ್ಡವಾದ ಪಿನ್ನನ್ನು ಕೂರಿಸಿದಾಗ, ಅಪಾಯಕ್ಕೆ ಒಡ್ಡಿಕೊಳ್ಳುವುದು ನೂರು ರೂಪಾಯಿಯ ಪಟ್ಟಿಯಲ್ಲ. ಕೆಳಗೆ ಬಿದ್ದರೆ ಅಂತಹ ಗಡಿಯಾರವನ್ನು ಹೊಸದಾಗಿ ಕೊಡಿಸುವ ಕಾರ್ಖಾನೆ ಈಗ ತುಮಕೂರಿನಲ್ಲಿಲ್ಲ.

ಗುಣಮಟ್ಟ ಸೋರಿಹೋಗುವ ಜಾಗಗಳು ಅನುಭವಿ ವರ್ತಕರಿಗೆ ತಿಳಿಯದವೇನಲ್ಲ. ನೇಯ್ಗೆಯ ಪಟ್ಟಿ ಹರಿಯುವುದು ಅಪರೂಪ. ಕೈಕೊಡುವುದು ಬೆಸುಗೆ, ಬಕಲ್ ಮತ್ತು ತೂತು. ಬಿಸಿ ಮೊಳೆಯಿಂದ ಕರಗಿಸಿ ಮಾಡಿದ ತೂತಿನ ಅಂಚು ಗಟ್ಟಿಯಾಗಿ ನಿಲ್ಲುತ್ತದೆ. ಬರಿದೆ ಕೊರೆದು ಬಿಟ್ಟ ತೂತಿನಿಂದ ಕೆಲವೇ ವಾರಗಳಲ್ಲಿ ನೂಲು ಎದ್ದುಬರುತ್ತದೆ. ಸ್ಟೇನ್‌ಲೆಸ್ ಉಕ್ಕಿನ ಬಕಲಿನ ಬದಲು ತೆಳುವಾಗಿ ನಿಕ್ಕಲ್ ಲೇಪಿಸಿದ ಲೋಹವನ್ನು ಬಳಸಿದರೆ, ಲೇಪ ಸವೆದು ಬಣ್ಣಗೆಡುವುದಲ್ಲದೆ, ನಿಕ್ಕಲ್ ಒಗ್ಗದವರ ಚರ್ಮದ ಮೇಲೆ ತುರಿಕೆಯ ಗಂದೆಗಳೇಳುತ್ತವೆ. ಇನ್ನು ‘ನೈಲಾನ್’ ಎಂಬ ಹೆಸರಿನಲ್ಲಿ ಪಾಲಿಯೆಸ್ಟರ್ ಮಾರಾಟವಾಗುವುದೂ ಉಂಟು. ಪಾಲಿಯೆಸ್ಟರ್ ಕೆಟ್ಟ ವಸ್ತುವಲ್ಲ, ನೈಲಾನಿಗಿಂತ ಕಡಿಮೆ ನೀರು ಹೀರುವ ಗುಣ ಅದಕ್ಕುಂಟು. ಹಾಗಿದ್ದ ಮೇಲೆ ಅದರ ಹೆಸರನ್ನೇ ಹೇಳಿ ಮಾರಬಾರದೇಕೆ? ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅನ್ವಯ ಸರಕಿನ ಗುಣಮಟ್ಟ, ದರ್ಜೆ ಅಥವಾ ಸಂಯೋಜನೆಯ ಬಗ್ಗೆ ಸುಳ್ಳು ಹೇಳುವುದು ಅನುಚಿತ ವ್ಯಾಪಾರ ಪದ್ಧತಿ. ಬೆಲೆ ಅಲ್ಪವೆಂಬ ವಿನಾಯಿತಿ ಅಲ್ಲಿಲ್ಲ.

ಈಗ ಲಾಭದ ಮಾತು. ವರ್ತಕರೊಬ್ಬರು ಮೂರು ಅಗಲಗಳಲ್ಲಿ ಹದಿನಾರು ಬಣ್ಣಗಳ ಪಟ್ಟಿಗಳನ್ನು ತಲಾ ಹತ್ತರಂತೆ ತರಿಸಿದರೆಂದು ಭಾವಿಸೋಣ. ಒಟ್ಟು 480 ಪಟ್ಟಿಗಳು. ತೆರಿಗೆ ಬಿಟ್ಟು ಕೊಂಡ ಬೆಲೆ 60 ರೂ., ಮಾರುವ ಬೆಲೆ 150 ರೂ. ಎಂದಿಟ್ಟುಕೊಂಡರೆ ಒಂದೊಂದರ ಮೇಲೆ 90 ರೂ. ಲಾಭ ಕಾಣುತ್ತದೆ. ಮೂರನೆಯ ಒಂದು ಭಾಗ, ಅಂದರೆ 160 ಪಟ್ಟಿಗಳು ಯಾರಿಗೂ ಬೇಡವಾದ ಬಣ್ಣದವಾಗಿ ಉಳಿದರೆ ಅಲ್ಲಿಗೆ 9,600 ರೂ. ಹೋಯಿತು. ಮಾರಿದ 320ರಲ್ಲಿ ಹತ್ತಕ್ಕೊಂದರಂತೆ 32 ಮರಳಿ ಬಂದು ಬದಲಿಸಿ ಕೊಡಬೇಕಾದರೆ ಇನ್ನೊಂದು 1,920 ರೂ. ಹೋಯಿತು. 28,800 ರೂಪಾಯಿಯ ಲಾಭ 17,280ಕ್ಕೆ ಇಳಿಯಿತು; ಮಾರಿದ ಪಟ್ಟಿಯೊಂದಕ್ಕೆ 54 ರೂ. ಮಾತ್ರ. ಇದೇ ವರ್ತಕರು ಬಣ್ಣಗಳನ್ನು ನಾಲ್ಕಕ್ಕೆ ಇಳಿಸಿ, ಒಳ್ಳೆಯ ಬಕಲು ಬೆಸುಗೆಗಳಿಗಾಗಿ 15 ರೂ. ಹೆಚ್ಚು ತೆತ್ತು, ಮಾರಾಟವಾಗದ ಉಳಿಕೆಯನ್ನು 40ಕ್ಕೆ ತಂದು, ಮರಳುವಿಕೆಯನ್ನು ಬಹುಮಟ್ಟಿಗೆ ನಿಲ್ಲಿಸಿಕೊಂಡರೆ ಕೈಗೆ ಬರುವುದು ಸುಮಾರು 30,000 ರೂ. ಅಂಕಿಗಳು ಕಲ್ಪಿತ, ತಮ್ಮ ತಮ್ಮ ಅಂಕಿಗಳನ್ನು ಅಲ್ಲಿ ತುಂಬಿ ನೋಡುವುದು ವರ್ತಕರಿಗೆ ಬಿಟ್ಟದ್ದು. ಆದರೆ ಗೋಡೆಯ ಮೇಲಿನ ಗೊಂಚಲು ವರ್ಷಾಂತ್ಯದ ದಾಸ್ತಾನು ಪಟ್ಟಿಯಲ್ಲಿ ಪೂರ್ತಿ ಕೊಂಡ ಬೆಲೆಗೇ ನಿಲ್ಲುವುದು ಮಾತ್ರ ಸರಿಯಲ್ಲ. ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ತೋರಿಸಬೇಕಾದದ್ದು ವೆಚ್ಚ ಅಥವಾ ನಿವ್ವಳ ವಸೂಲಾತಿ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ. ಐದು ವರ್ಷದಿಂದ ಮೊಳೆಯಲ್ಲೇ ತೂಗುತ್ತಿರುವ ನೇರಳೆ ಬಣ್ಣದ ಪಟ್ಟಿಯ ವಸೂಲಾತಿ ಮೌಲ್ಯವೆಷ್ಟೆಂದು ವರ್ತಕರಿಗೇ ಚೆನ್ನಾಗಿ ಗೊತ್ತು.

ರಸೀದಿಯ ವಿಷಯದಲ್ಲಿಯೂ ಒಂದು ತಪ್ಪು ಕಲ್ಪನೆ ಬೇರೂರಿದೆ. ಸರಕು ಮತ್ತು ಸೇವಾ ತೆರಿಗೆ ಕಾನೂನಿನಲ್ಲಿ 200 ರೂಪಾಯಿಗಿಂತ ಕಡಿಮೆ ಮೌಲ್ಯದ ಮಾರಾಟಕ್ಕೆ, ಕೊಳ್ಳುವವರು ನೋಂದಾಯಿತರಲ್ಲದೆ ಬಿಲ್ಲನ್ನು ಕೇಳದೆಯೂ ಇದ್ದಲ್ಲಿ, ಪ್ರತ್ಯೇಕ ತೆರಿಗೆ ಬಿಲ್ಲು ಕೊಡದಿರಬಹುದು. ಪಟ್ಟಿಯ ವ್ಯಾಪಾರ ಬಹುಪಾಲು ಈ ಮಿತಿಯೊಳಗೇ ನಡೆಯುವುದರಿಂದ ‘ಪಟ್ಟಿಗೆ ಬಿಲ್ಲಿಲ್ಲ’ ಎಂಬುದೇ ರೂಢಿಯಾಗಿಬಿಟ್ಟಿದೆ. ಆದರೆ ದಿನದ ಕೊನೆಗೆ ಅಂತಹ ಮಾರಾಟಗಳೆಲ್ಲಕ್ಕೂ ಸೇರಿಸಿ ಒಂದು ಕ್ರೋಡೀಕೃತ ಬಿಲ್ಲು ಬರೆಯಲೇಬೇಕು. ಹಾಗೆಯೇ ‘ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಫಲಕವೂ ದೋಷಯುಕ್ತ ಸರಕಿನ ವಿಷಯದಲ್ಲಿ ರಕ್ಷಣೆ ನೀಡದು. ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದರೆ ಮೂವತ್ತು ದಿನಗಳೊಳಗೆ ದೋಷಯುಕ್ತ ಸರಕನ್ನು ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದನ್ನು ಮೇಲೆ ಹೇಳಿದ 2019ರ ಅಧಿನಿಯಮವೇ ಅನುಚಿತ ಪದ್ಧತಿ ಎನ್ನುತ್ತದೆ. ಪೊಟ್ಟಣದಲ್ಲಿ ಕಟ್ಟಿಟ್ಟು ಮಾರುವ ಪಟ್ಟಿಗೆ 2011ರ ಪೊಟ್ಟಣ ಸರಕುಗಳ ನಿಯಮಗಳೂ ಅನ್ವಯಿಸುತ್ತವೆ. ತಯಾರಕರ ಇಲ್ಲವೇ ಆಮದುದಾರರ ಹೆಸರು ವಿಳಾಸ, ಗರಿಷ್ಠ ಚಿಲ್ಲರೆ ಬೆಲೆ ಮುಂತಾದವುಗಳೊಂದಿಗೆ, ಗಾತ್ರವು ಪ್ರಸ್ತುತವಾದ ಸರಕಿನ ಅಳತೆಯನ್ನೂ ನಮೂದಿಸಬೇಕೆಂದು ಆ ನಿಯಮಗಳೇ ಹೇಳುತ್ತವೆ. ಪಟ್ಟಿಯ ಅಗಲಕ್ಕಿಂತ ಪ್ರಸ್ತುತವಾದ ಅಳತೆ ಬೇರಾವುದಿದ್ದೀತು?

ಸಣ್ಣ ತಯಾರಕರಿಗೆ ಇಲ್ಲೊಂದು ಅವಕಾಶವಿದೆ. ನೈಲಾನ್ ಪಟ್ಟಿಗೆ ಭಾರಿ ಯಂತ್ರಗಳು ಬೇಡ: ಕಿರಿಯಗಲದ ನೇಯ್ಗೆಯ ರೋಲು, ಬಕಲು, ಬಿಸಿಯಲಗಿನ ಇಲ್ಲವೇ ಅಲ್ಟ್ರಾಸಾನಿಕ್ ಬೆಸುಗೆಯ ಯಂತ್ರ, ಮತ್ತು ಶಿಸ್ತು. ಬೆಲೆಯೊಂದರಲ್ಲೇ ಆಮದು ಸರಕಿನೊಡನೆ ಸೆಣಸಲು ಹೊರಟವರು ಸೋಲುತ್ತಾರೆ. ಅಗಲ, ಉದ್ದ, ನೂಲಿನ ಹೆಸರು, ಬಕಲಿನ ಲೋಹ, ಈ ನಾಲ್ಕನ್ನು ಪೊಟ್ಟಣದ ಮೇಲೆ ಮುದ್ರಿಸಿ ಅದಕ್ಕೆ ಬದ್ಧರಾಗುವವರಿಗೆ ಮಾತ್ರ ಜಾಗವುಂಟು. ಯುರೋಪಿಗೆ ಕಳುಹಿಸುವ ಆಲೋಚನೆಯಿದ್ದಲ್ಲಿ ಇದು ಅನಿವಾರ್ಯವೂ ಹೌದು. ಅಲ್ಲಿನ ರೀಚ್ ನಿಯಮಾವಳಿಯು ಚರ್ಮಕ್ಕೆ ತಾಗುವ ವಸ್ತುಗಳಿಂದ ಹೊರಬರುವ ನಿಕ್ಕಲ್ ಪ್ರಮಾಣಕ್ಕೆ ವಾರಕ್ಕೆ ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಮಿನ ಮಿತಿ ಹಾಕಿದ್ದು, ಗಡಿಯಾರದ ಪಟ್ಟಿಯನ್ನು ಹೆಸರಿಸಿಯೇ ಹೇಳಿದೆ. ಕೆಲವು ಅಜೋ ಬಣ್ಣಗಳ ನಿರ್ಬಂಧದಲ್ಲಿಯೂ ಅದರ ಹೆಸರಿದೆ. ಅಂಗಡಿಯ ಮೊಳೆಗೆ ತೂಗುವ ಸರಕನ್ನು ಕಾನೂನು ರೂಪಿಸಿದವರು ಇಷ್ಟರಮಟ್ಟಿಗೆ ನೆನಪಿಟ್ಟುಕೊಂಡಿರುವುದು ಸ್ವಾರಸ್ಯಕರ.

ಧರಿಸುವವರಿಗೆ ಹೇಳಬೇಕಾದದ್ದು ಅಲ್ಪ. ನೈಲಾನ್ ಬೆವರನ್ನು ಹೀರಿಕೊಳ್ಳುತ್ತದೆ. ವಾರಕ್ಕೊಮ್ಮೆ ಗಡಿಯಾರದಿಂದ ಬಿಡಿಸಿ ಸಾಬೂನು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿದರೆ ವಾಸನೆಯಿರದು. ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ಚರ್ಮಕ್ಕಿಂತ ಇದೇ ಅನುಕೂಲ. ಆದರೆ ಕಾರ್ಖಾನೆಗಳ ಮಾಲೀಕರು ಲಕ್ಷಿಸಲೇಬೇಕಾದ ಸಂಗತಿಯೊಂದಿದೆ. ಗಡಿಯಾರವನ್ನು ಬೀಳಗೊಡದ ಈ ಪಟ್ಟಿಯ ಗುಣವೇ ತಿರುಗುವ ಯಂತ್ರದ ಬಳಿ ಅವಗುಣವಾಗುತ್ತದೆ. ಲೇತಿಗೋ ಡ್ರಿಲ್ಲಿಗೋ ಸಿಕ್ಕಿಕೊಂಡರೆ ಪಿನ್ನು ಜಾರಿ ಬಿಡುಗಡೆಯಾಗಬಹುದಾದ ಎರಡು ತುಂಡಿನ ಪಟ್ಟಿಯಂತೆ ಇದು ಸುಲಭವಾಗಿ ಬಿಡದು. ಕೈಯನ್ನೂ ಎಳೆದುಕೊಂಡು ಹೋದೀತು. ವೆಲ್ಡಿಂಗಿನ ಕಿಡಿ ಬಿದ್ದರೆ ನೈಲಾನ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಯಂತ್ರದ ಮುಂದೆ ನಿಲ್ಲುವ ಮೊದಲು ಗಡಿಯಾರವನ್ನು, ಪಟ್ಟಿ ಯಾವುದೇ ಇರಲಿ, ಬಿಚ್ಚಿಡಲು ಪ್ರತಿ ಷೆಡ್ಡಿನ ಬಾಗಿಲಲ್ಲೂ ಒಂದು ಮರದ ಹಲಗೆ ಮತ್ತು ಹೆಸರು ಬರೆದ ಕೊಕ್ಕೆಗಳಿರಬೇಕು. ಅದರ ಖರ್ಚು ನಾಲ್ಕಾರು ಪಟ್ಟಿಗಳ ಬೆಲೆಯನ್ನು ಮೀರುವುದಿಲ್ಲ.