ದುಡ್ಡು ಕೊಟ್ಟವರಿಗೆ ಗೂಡು ಹತ್ತಿರ

ಬೇಸಿಗೆ ರಜೆ ಬಂತೆಂದರೆ ರಂಗನತಿಟ್ಟಿನ ಹಳೆಯ ಜಗಳಕ್ಕೂ ಜೀವ ಬರುತ್ತದೆ. ಪಕ್ಷಿಪ್ರಿಯರು ಪ್ರವಾಸಿಗರನ್ನು ದೂರುತ್ತಾರೆ: ಗಲಾಟೆ, ಪ್ಲಾಸ್ಟಿಕ್ಕು, ದೋಣಿಯಲ್ಲಿ ಎದ್ದುನಿಂತು ಸೆಲ್ಫಿ. ಮರಿ ಮಾಡುವ ಕಾಲದಲ್ಲಿ ಗೇಟಿಗೇ ಬೀಗ ಹಾಕಿ ಎನ್ನುತ್ತಾರೆ. ಪ್ರವಾಸೋದ್ಯಮದ ಪರ ನಿಂತವರು ಆದಾಯದ ಲೆಕ್ಕ ಒಪ್ಪಿಸಿ ಇನ್ನಷ್ಟು ದೋಣಿ ಬಿಡಿ ಎನ್ನುತ್ತಾರೆ. ನಡುವೆ ಒಂದು ಸಂಗತಿ ಮರೆಯಲ್ಲೇ ಉಳಿದುಬಿಡುತ್ತದೆ. ಹೆಚ್ಚು ದರ ಕೊಟ್ಟವರಿಗೆ ಅಲ್ಲಿ ಪ್ರತ್ಯೇಕ ದೋಣಿ ಸಿಗುತ್ತದೆ. ಗೂಡಿನೆದುರು ಹೆಚ್ಚು ಹೊತ್ತು ನಿಲ್ಲುವ ಸೌಕರ್ಯವೂ ಅದರ ಜೊತೆಗೇ ಬರುತ್ತದೆ. ಹಕ್ಕಿಗೂ ಮನುಷ್ಯನಿಗೂ ನಡುವಿನ ಅಂತರವನ್ನು ಹೀಗೆ ಕೌಂಟರಿನಲ್ಲಿ ಮಾರುವುದು ನಿಲ್ಲಬೇಕು. ಗೇಟು ತೆರೆದೇ ಇರಲಿ.

ರಂಗನತಿಟ್ಟು ಮನುಷ್ಯರ ಕೈ ಸೋಕದ ಕಾಡೇನಲ್ಲ. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟೆ ಕಟ್ಟಿಸಿದ ಮೇಲೆ ನೀರು ನಿಂತು ಮೂಡಿದ ನಡುಗಡ್ಡೆಗಳಿವು. ಪಕ್ಷಿತಜ್ಞ ಸಲೀಂ ಅಲಿ ಇಲ್ಲಿನ ಹಕ್ಕಿಗಳನ್ನು ಕಂಡು ಒತ್ತಾಯಿಸಿದ ಮೇಲೆ, 1940ರಲ್ಲಿ ಮೈಸೂರು ಸಂಸ್ಥಾನ ಇದನ್ನು ಪಕ್ಷಿಧಾಮವೆಂದು ಸಾರಿತು. 2022ರಲ್ಲಿ ಜೌಗು ಪ್ರದೇಶಗಳನ್ನು ಕಾಯುವ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ಕರ್ನಾಟಕದಿಂದ ಆ ಪಟ್ಟಿ ಸೇರಿದ ಮೊದಲ ತಾಣ ಇದೇ. ಆ ಒಪ್ಪಂದ ಜನರನ್ನು ಹೊರಗಟ್ಟಿ ಎನ್ನುವುದಿಲ್ಲ, ವಿವೇಕದಿಂದ ಬಳಸಿ ಎನ್ನುತ್ತದೆ. 1972ರ ವನ್ಯಜೀವಿ ಕಾಯ್ದೆಯ 28ನೇ ಸೆಕ್ಷನ್ನಿನಲ್ಲೂ ಪ್ರವಾಸಕ್ಕೆ, ಫೋಟೊ ತೆಗೆಯುವುದಕ್ಕೆ ಅನುಮತಿ ಕೊಡಲು ಅವಕಾಶವಿದೆ. ಆದರೆ ಕೊಡಲೇಬೇಕೆಂಬ ಕಟ್ಟುಪಾಡಿಲ್ಲ. ಷರತ್ತು ಹಾಕುವ ಅಧಿಕಾರ ಅರಣ್ಯ ಇಲಾಖೆಯ ಕೈಯಲ್ಲೇ ಇದೆ.

ಅಂತರ ಅಷ್ಟು ಮುಖ್ಯವೇ ಎಂದು ಕೇಳುವವರು ಏಪ್ರಿಲ್ ಮಧ್ಯಾಹ್ನದ ಬಿಸಿಲಲ್ಲಿ ಬಣ್ಣದ ಕೊಕ್ಕರೆಯ ಗೂಡನ್ನು ನೋಡಬೇಕು. ಮರದ ನೆತ್ತಿಯಲ್ಲಿ ಕಡ್ಡಿಗಳ ಹಾಸು, ಅದರ ಮೇಲೆ ಇನ್ನೂ ನೆಟ್ಟಗೆ ಕತ್ತೆತ್ತಲಾರದ ಮರಿಗಳು. ತಾಯಿಯೋ ತಂದೆಯೋ ಸೂರ್ಯನಿಗೆ ಬೆನ್ನು ಕೊಟ್ಟು, ರೆಕ್ಕೆ ಅರ್ಧ ಬಿಚ್ಚಿ ಮರಿಗಳಿಗೆ ನೆರಳು ಮಾಡಿ ನಿಂತಿರುತ್ತದೆ. ಗಂಟಲಲ್ಲಿ ತಂದ ನೀರನ್ನು ಅವುಗಳ ಮೇಲೆ ಸುರಿಯುವುದೂ ಉಂಟು. ದೋಣಿ ತೀರಾ ಹತ್ತಿರ ಬಂದು ಆ ಹಕ್ಕಿ ಒಮ್ಮೆ ಎದ್ದುಹೋದರೆ ನೆರಳೂ ಹೋಯಿತು, ಕಾವಲೂ ಹೋಯಿತು. ಕಾಗೆ, ಹದ್ದುಗಳು ಹೊಂಚಿ ಕೂತಿರುತ್ತವೆ. ಗಾಬರಿಬಿದ್ದು ಮರಿ ಕೆಳಗೆ ಉರುಳಿದರೆ ನೀರಿನಲ್ಲಿ ಮೊಸಳೆ. ನದಿ ರೀವ (ರಿವರ್ ಟರ್ನ್) ಹಕ್ಕಿಗಳ ಪಾಡು ಇನ್ನೂ ನಾಜೂಕು. ಅವುಗಳ ಮೊಟ್ಟೆ ಇರುವುದೇ ಬರಿಯ ಬಂಡೆಯ ಮೇಲೆ, ಕಾದ ಕಲ್ಲಿನ ಬಣ್ಣದಲ್ಲೇ. ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ತಂಪು ಮಾಡುವ ಹಕ್ಕಿಯನ್ನು ಓಡಿಸಿದರೆ ಆ ಮೊಟ್ಟೆ ಬೇಯುವುದಕ್ಕೆ ಒಲೆ ಬೇಡ.

ಇಲ್ಲಿನ ಹಕ್ಕಿಗಳಿಗೆ ದೋಣಿ ಅಭ್ಯಾಸವಾಗಿದೆ, ಅವು ಹೆದರುವುದಿಲ್ಲ ಎಂಬ ವಾದವಿದೆ. ಅದರಲ್ಲಿ ನಿಜವಿದೆ. ಹುಟ್ಟು ಹಾಕಿಕೊಂಡು ತನ್ನ ಪಾಡಿಗೆ ಸಾಗುವ ದೋಣಿಗೆ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯೂ ಕದಲುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆಗಳು ಮನೆಯ ಹಿತ್ತಲ ಹುಣಸೆಮರದಲ್ಲೇ ಸಂಸಾರ ಹೂಡುತ್ತವೆ. ಕೆಳಗೆ ಹಸು ಕಟ್ಟುತ್ತಾರೆ, ಪಾತ್ರೆ ತೊಳೆಯುತ್ತಾರೆ, ಮಕ್ಕಳು ಕೂಗಾಡುತ್ತವೆ. ಹಕ್ಕಿಗೆ ಅದರ ಪರಿವೆಯಿಲ್ಲ, ಏಕೆಂದರೆ ಆ ಮನುಷ್ಯರಿಗೆ ತನ್ನಿಂದ ಏನೂ ಬೇಕಿಲ್ಲವೆಂದು ಅದಕ್ಕೆ ಗೊತ್ತು. ಗೂಡಿಗೇ ಗುರಿಯಿಟ್ಟು ಬಂದು, ನಿಂತು, ಇನ್ನೊಂದು ಮಾರು ಸರಿದು, ಮತ್ತೆ ನಿಲ್ಲುವ ದೋಣಿಯ ಸಂಗತಿ ಬೇರೆ. ಅದರಲ್ಲಿ ಯಾರೂ ಗದ್ದಲ ಮಾಡುವುದಿಲ್ಲ, ಎಲ್ಲರೂ ಬಲು ಶಿಸ್ತಿನವರೇ. ಹಾಗಾಗಿಯೇ ದೂರುಗಳೆಲ್ಲ ಬಸ್ಸಿನಲ್ಲಿ ಬಂದ ಶಾಲೆಯ ಮಕ್ಕಳ ಮೇಲೆ ಬೀಳುತ್ತವೆ. ಒಂದು ಸುತ್ತು ಹಾಕಿ ಇಳಿದುಹೋಗುವ ಆ ಮಕ್ಕಳ ಕೇಕೆಗಿಂತ, ಒಂದೇ ಗೂಡಿನೆದುರು ಬೇರುಬಿಟ್ಟ ಮೌನಿಗಳ ಬಗ್ಗೆ ನನಗೆ ಹೆಚ್ಚು ಆತಂಕ. 'ಅಣ್ಣಾ, ಇನ್ನು ಸ್ವಲ್ಪ ಹತ್ರ' ಎಂಬ ಒತ್ತಾಯಕ್ಕೆ ಸಿಕ್ಕಿಕೊಳ್ಳುವುದು ದೋಣಿ ನಡೆಸುವವರು. ಹಕ್ಕಿಗಳನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲ ಅವರಿಗೆ ಬೇಡ ಎನ್ನುವ ಬಲವನ್ನು ನಿಯಮ ಕೊಡಬೇಕು.

ದೋಣಿಗೆ ಕಡಿವಾಣ ಹಾಕಿದರೆ ಜನ ಬರುವುದಿಲ್ಲ ಎಂಬ ಹೆದರಿಕೆಯಲ್ಲಿ ಹುರುಳಿಲ್ಲ. ಮಳೆಗಾಲದಲ್ಲಿ ಕೆ.ಆರ್.ಎಸ್. ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರಲ್ಲ, ಆಗ ಯಾರೂ ತಕರಾರು ತೆಗೆಯುವುದಿಲ್ಲ. ನಮ್ಮ ಜೀವಕ್ಕೆ ಅಪಾಯವಿದ್ದಾಗ ಒಪ್ಪುವ ಮಾತು ಮರಿಗಳ ಜೀವಕ್ಕೆ ಬಂದಾಗ ಏಕೆ ಕಹಿಯಾಗಬೇಕು? ಇನ್ನು ಅಣೆಕಟ್ಟೆಯ ಬಳಿ ಅಮ್ಯೂಸ್‌ಮೆಂಟ್ ಪಾರ್ಕು, ಕಾವೇರಿ ಆರತಿ ಎಂದು ಸರ್ಕಾರ ಹೊರಟಿರುವ ಯೋಜನೆಗಳೆಲ್ಲ ನಡೆದರೆ ಇಲ್ಲಿಗೆ ಬರುವ ಸಂದಣಿ ಏರುವುದೇ ಹೊರತು ಇಳಿಯುವುದಿಲ್ಲ. ನಿಯಮ ಬಿಗಿ ಮಾಡುವುದಿದ್ದರೆ ಅದಕ್ಕೆ ಮೊದಲೇ ಮಾಡಬೇಕು.

ಫೆಬ್ರವರಿಯಿಂದ ಮೇ ಮುಗಿಯುವವರೆಗೆ ವಿಶೇಷ ದೋಣಿ ಬೇಡ. ಎಲ್ಲರಿಗೂ ಒಂದೇ ದೋಣಿ, ಒಂದೇ ಹಾದಿ. ಗೂಡಿನ ಮರಗಳಿಂದ ಇಷ್ಟು ದೂರ ಎಂದು ನೀರಿನಲ್ಲೇ ತೇಲುಗುರುತು ಹಾಕಲಿ. ರೀವಗಳು ಮೊಟ್ಟೆಯಿಡುವ ಬಂಡೆಗಳ ಕಡೆಗೆ ದೋಣಿ ತಿರುಗಲೇಕೂಡದು. ವರಮಾನ ಕಡಿಮೆಯಾಗುವುದಾದರೆ ಪ್ರವೇಶ ದರಕ್ಕೆ ಹತ್ತು ರೂಪಾಯಿ ಸೇರಿಸಿ, ದೋಣಿ ನಡೆಸುವವರ ಸಂಬಳಕ್ಕೆ ಕತ್ತರಿ ಬೀಳದಂತೆ ನೋಡಿಕೊಳ್ಳಲಿ. ಲಕ್ಷಗಟ್ಟಲೆ ಸುರಿದು ಉದ್ದನೆಯ ಲೆನ್ಸು ಕೊಂಡವರು ಮುನಿಸಿಕೊಂಡಾರು. ಅದನ್ನು ಕೊಂಡದ್ದೇ ದೂರದಲ್ಲಿರುವುದನ್ನು ಹತ್ತಿರ ಕಾಣಲಿಕ್ಕೆ ತಾನೇ?