ಆಲಕ್ಕೆ ಬೇಲಿಯಷ್ಟೇ ಸಾಲದು

ಕೆಂಗೇರಿ ದಾಟಿ ರಾಮೋಹಳ್ಳಿ ಕಡೆ ಹೋದರೆ ಕೇತೋಹಳ್ಳಿಯ ದೊಡ್ಡ ಆಲದ ಮರ. ವಯಸ್ಸು ಸುಮಾರು 400 ವರ್ಷ ಅಂತಾರೆ, ಹರಡಿರುವುದು ಸುಮಾರು 3 ಎಕರೆ. ಮೂಲ ಕಾಂಡ ರೋಗ ಬಿದ್ದು ಹೋಗಿದೆ, ಈಗ ಮರ ನಿಂತಿರುವುದು ಬಿಳಲುಗಳ ಮೇಲೆ. ಬೇಲಿ ಹಾಕಿ ಕಾಯುತ್ತಿದ್ದಾರೆ, ಒಳ್ಳೆಯದೇ. ಆದರೆ ಆಲ ಉಳಿಯಲು ಬೇಲಿಯಷ್ಟೇ ಸಾಲದು ಅನ್ನುವುದು ನಮ್ಮ ವಾದ.

ಆಲದ ಹೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅದು ಕಾಯಿಯ ಒಳಗಿರುತ್ತದೆ. ಅಲ್ಲಿಗೆ ಜೇನು ಹೋಗಲಾರದು. ಹೋಗುವುದು ಎಳ್ಳಿನಷ್ಟೇ ಇರುವ ಒಂದು ಕಣಜದ ಹುಳ. ಹೆಣ್ಣು ಹುಳ ಪರಾಗ ಹೊತ್ತು ಕಾಯಿಯ ಕಿರುಗಂಡಿಯಲ್ಲಿ ತೂರುತ್ತದೆ, ತೂರುವಾಗ ರೆಕ್ಕೆಯೇ ಮುರಿದು ಬೀಳುತ್ತದೆ. ಒಳಗೆ ಹೂಗಳಿಗೆ ಪರಾಗ ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆ ಇಟ್ಟು ಸಾಯುತ್ತದೆ. ವಾರಗಳು ಕಳೆದ ಮೇಲೆ ರೆಕ್ಕೆಯಿಲ್ಲದ ಗಂಡುಗಳು ಮೊದಲು ಹೊರಬಂದು, ಹೆಣ್ಣುಗಳನ್ನು ಕೂಡಿ, ದಾರಿ ಕೊರೆದುಕೊಟ್ಟು ಸಾಯುತ್ತವೆ. ಹೆಣ್ಣುಗಳು ಪರಾಗ ಹೊತ್ತು ಹಾರುತ್ತವೆ. ಅತ್ತಿಯದೂ ಇದೇ ಕಥೆ. ಅತ್ತಿ ಹಣ್ಣು ಬಿಚ್ಚಿದರೆ ಹುಳ ಅಂತ ಮೂಗು ಮುರಿಯುತ್ತೇವಲ್ಲ, ಆ ಹುಳ ಇಲ್ಲದಿದ್ದರೆ ಅತ್ತಿಗೆ ಬೀಜವೇ ಇಲ್ಲ.

ಆಲಕ್ಕೆ ಒಂದು ಹುಳ, ಅರಳಿಗೆ ಇನ್ನೊಂದು, ಅತ್ತಿಗೆ ಮತ್ತೊಂದು. ಹಾರಿದ ಹುಳಕ್ಕೆ ಆಯಸ್ಸು ಒಂದೆರಡು ದಿನ. ಅಷ್ಟರಲ್ಲಿ ಎಳೆಗಾಯಿ ಇರುವ ತನ್ನ ಜಾತಿಯ ಮರ ಸಿಗಬೇಕು. ಒಂದು ಮರದ ಕಾಯಿಗಳು ಸಾಮಾನ್ಯವಾಗಿ ಒಟ್ಟಿಗೇ ಬಲಿಯುವುದರಿಂದ ಅದು ಬೇರೆ ಮರವೇ ಆಗಬೇಕು. ಹಾಗಾಗಿ ಕೇತೋಹಳ್ಳಿಯ ಆಲಕ್ಕೆ ನಮ್ಮ ಊರುಗಳ ಕೆರೆ ಏರಿಯ, ಗುಂಡುತೋಪಿನ, ರಸ್ತೆ ಬದಿಯ ಆಲಗಳು ಬೇಕು.

ರಸ್ತೆ ಅಗಲ ಮಾಡುವಾಗ ಉರುಳುವುದು ಇವೇ. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ದಂಪತಿ ಬೆಳೆಸಿದ ಆಲಗಳಿಗೂ 2019ರಲ್ಲಿ ಈ ಭಯ ಬಂದಿತ್ತು. ತಿಮ್ಮಕ್ಕನೇ ಸರ್ಕಾರದ ಬಾಗಿಲು ತಟ್ಟಬೇಕಾಯಿತು. ನಮ್ಮೂರ ಮರಕ್ಕೆ ಅಂಥ ಹೆಸರಿಲ್ಲ. ಕಡಿದಿದ್ದಕ್ಕೆ ಬದಲು ಸಸಿ ನೆಡುತ್ತೇವೆ ಅನ್ನುತ್ತಾರೆ. ಹೊಂಗೆ, ಬೇವು ನೂರು ನೆಟ್ಟರೂ ಆಲದ ಹುಳಕ್ಕೆ ಅದು ಮನೆಯಲ್ಲ.

ಹೊಲದ ಬದಿ ಆಲವಿದ್ದರೆ ನೆರಳಿಗೆ ರಾಗಿ ಬರಲ್ಲ ಅನ್ನುವ ರೈತರ ಮಾತು ನಿಜ. ಹೊಲದಲ್ಲಿ ಬೇಡ, ಗೋಮಾಳದಲ್ಲಿ ಬೆಳೆಸೋಣ. ಮುಂದಿನ ಗ್ರಾಮಸಭೆಯಲ್ಲಿ ಸಸಿಗಳ ಪಟ್ಟಿ ಓದುವಾಗ ಆಲ, ಅತ್ತಿ, ಅರಳಿ, ಬಸರಿ ಎಷ್ಟಿವೆ ಕೇಳಿ. ನರ್ಸರಿಯಲ್ಲಿ ಇಲ್ಲ ಅಂದರೆ, ಮಳೆಗಾಲದಲ್ಲಿ ಆಲದ ಕೊಂಬೆ ಕಡಿದು ನೆಟ್ಟರೂ ಚಿಗುರುತ್ತದೆ ಅಂತ ಹೇಳಿ.