ಮೀನು ಹುಡುಕುವ ಮರುದನಿ

ಬನ್ನೂರಿನ ಬಳಿ ಕಾವೇರಿಯಲ್ಲಿ ಹವ್ಯಾಸಕ್ಕೆ ಗಾಳ ಹಾಕುವವರು ಮೊದಲ ‘ಫಿಶ್ ಫೈಂಡರ್’ ಕೊಳ್ಳುವಾಗ, ನೂರಾರು ಅಡಿ ಆಳ ತೋರಿಸುತ್ತದೆಂಬ ಜಾಹೀರಾತಿಗೆ ಮರುಳಾಗಿ ದುಡ್ಡು ಸುರಿಯಬೇಕಿಲ್ಲ. ಕಿವಿಗೆ ಕೇಳದ ಶಬ್ದವನ್ನು ನೀರಿಗೆ ಬಿಟ್ಟು, ಮರುದನಿ ಬರಲು ಹಿಡಿಯುವ ಹೊತ್ತನ್ನು ಅಳೆಯುವುದೇ ಈ ಯಂತ್ರದ ಕೆಲಸ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್. ಮೀನಿನ ಒಡಲೊಳಗಿನ ಗಾಳಿಚೀಲದಿಂದಲೇ ಹೆಚ್ಚಿನ ಮರುದನಿ ಬರುತ್ತದೆ.

ಶಬ್ದವು ಟಾರ್ಚಿನ ಬೆಳಕಿನಂತೆ ಹರಡುತ್ತದೆ. 3 ಮೀಟರ್ ಆಳದಲ್ಲಿ 20 ಡಿಗ್ರಿ ಕೋನದ ಯಂತ್ರಕ್ಕೆ ಕಾಣುವುದು ಸುಮಾರು 1 ಮೀಟರ್ ಅಗಲ ಮಾತ್ರ. 60 ಡಿಗ್ರಿಯದಕ್ಕೆ ಸುಮಾರು ಮೂರೂವರೆ ಮೀಟರ್. ಆದ್ದರಿಂದ ಆಳ ಕಡಿಮೆಯಿರುವಲ್ಲಿ ಅಗಲ ಕೋನದ ಸಾದಾ ಯಂತ್ರವೇ ಲೇಸು. ಕನಿಷ್ಠ ಎಷ್ಟು ಆಳ ಬೇಕೆಂಬುದನ್ನು ಅಂಗಡಿಯಲ್ಲೇ ಕೇಳಿಕೊಳ್ಳಬೇಕು.

ಒಂದು ಎಚ್ಚರಿಕೆ: ರಭಸದ ನೀರಿನ ಗುಳ್ಳೆಗಳೂ ತೆರೆಯ ಮೇಲೆ ಮೀನಿನಂತೆಯೇ ಕಂಡಾವು!